ಇಲ್ಲದ ದೇಶಕ್ಕೊಂದು ಇಲಾಖೆ ಕಟ್ಟಿದ್ದು

ನಾವು ಐದು ಜನ ಗೆಳೆಯರು ಎರಡು ವರ್ಷದಿಂದ ಭಾನುವಾರ ಸಂಜೆ ಒಂದು ಆಟ ಆಡುತ್ತೇವೆ. ಒಂದು ನಕ್ಷೆ, ಎರಡು ದಾಳ, ಒಂದು ಪೊಟ್ಟಣ ಚುರುಮುರಿ. ಉಳಿದದ್ದೆಲ್ಲ ಬಾಯಲ್ಲೇ. ನಾಲ್ವರು ಒಂದೊಂದು ಪಾತ್ರ ಹಿಡಿಯುತ್ತಾರೆ. ದೇಶ, ಮಳೆ, ಪೊಲೀಸು, ಗುಮಾಸ್ತ ಎಲ್ಲ ನನ್ನ ಪಾಲಿಗೆ. ದೇಶದ ಹೆಸರು ತಾರುವೆ. ಹಡಗಿನಲ್ಲಿ ಬಂದು ಕರಾವಳಿಯಲ್ಲಿ ನೆಲೆಸಿದವರು ಸರ್ಕಾರ ನಡೆಸುತ್ತಾರೆ. ಅವರಿಗಿಂತ ಮೊದಲೇ ಇದ್ದವರು ಒಳಗಿನ ಮಲೆಯಲ್ಲಿದ್ದಾರೆ. ಈ ಮಲೆಯವರ ವ್ಯವಹಾರ ನೋಡಿಕೊಳ್ಳಲು ಸರ್ಕಾರಕ್ಕೊಂದು ಇಲಾಖೆ ಬೇಕಿತ್ತು. ಅದನ್ನು ಮೂರು ಸಲ ಕಟ್ಟಿದೆ, ಎರಡು ಸಲ ಕೆಡವಿದೆ.

ಮೊದಲನೆಯದು ಇಪ್ಪತ್ತೆರಡು ಪುಟ ಇತ್ತು. ಲಾಂಛನ, ಧ್ಯೇಯವಾಕ್ಯ, ಕರುಣಾಳು ಮಹಾನಿರ್ದೇಶಕರು. ಯಾರೂ ಓದಲಿಲ್ಲ. "ಸರ್ಕಾರಿ ಜಾಹೀರಾತು ಇದ್ದಂಗಿದೆ ಮಾರಾಯ" ಅಂದ ಒಬ್ಬ. ಸಿಟ್ಟು ಬಂದು ಎರಡನೆಯದರಲ್ಲಿ ಅಧಿಕಾರಿಗಳನ್ನೆಲ್ಲ ಮೀಸೆ ತಿರುವುವ ದುಷ್ಟರನ್ನಾಗಿ ಮಾಡಿದೆ. ಎರಡನೇ ವಾರಕ್ಕೇ ಇವರು ಕಚೇರಿಗೆ ಬೆಂಕಿ ಹಚ್ಚಿದರು. ಅಲ್ಲಿಗೆ ಕಥೆಯೂ ಸುಟ್ಟುಹೋಯಿತು.

ಮೂರನೆಯ ಸಲ ಬರೆಯುವುದಕ್ಕೆ ಮೊದಲು ಒಂದೇ ಪ್ರಶ್ನೆ ಹಾಕಿಕೊಂಡೆ: ಈ ಇಲಾಖೆ ಯಾವ ಮಂತ್ರಿಯ ಕೆಳಗೆ? ಇಲಾಖೆಯ ಜಾತಕ ಇರುವುದೇ ಅಲ್ಲಿ. ಅಮೆರಿಕದಲ್ಲಿ ಮೂಲನಿವಾಸಿಗಳ ಬ್ಯೂರೋ 1824ರಲ್ಲಿ ಹುಟ್ಟಿದ್ದು ಯುದ್ಧ ಇಲಾಖೆಯ ಮಡಿಲಲ್ಲಿ. 1849ರಲ್ಲಿ ಅದನ್ನು ಹೊಸದಾಗಿ ಶುರುವಾದ ಇಂಟೀರಿಯರ್ ಇಲಾಖೆಗೆ ಕೊಟ್ಟರು. ಸರ್ಕಾರಿ ಜಮೀನು ಹಂಚುವ ಕಚೇರಿಯೂ ಅದೇ ಸೂರಿನಡಿ. ನೆಲ ಕಳೆದುಕೊಂಡವರ ಅಹವಾಲು ಕೇಳುವವರೂ ನೆಲ ಹಂಚುವವರೂ ಒಂದೇ ಮನೆಯವರಾದರು. ಬ್ರೆಜಿಲ್‌ನದು ಇನ್ನೂ ವಿಚಿತ್ರ. 1910ರಲ್ಲಿ ರೊಂಡೊನ್ ಎಂಬ ಸೇನಾಧಿಕಾರಿಯ ಮುಂದಾಳತ್ವದಲ್ಲಿ ಮೂಲನಿವಾಸಿಗಳನ್ನು ಕಾಯಲೆಂದೇ ಒಂದು ಸರ್ಕಾರಿ ಸೇವೆ ಶುರುವಾಯಿತು. ಸಾಯಬೇಕಾಗಿ ಬಂದರೆ ಸಾಯಿರಿ, ಕೊಲ್ಲಬೇಡಿ ಎಂಬುದು ಆತ ತನ್ನವರಿಗೆ ಹಾಕಿಕೊಟ್ಟ ಕಟ್ಟಳೆ. ಅದೇ ಸೇವೆಯನ್ನು 1967ರಲ್ಲಿ ಮುಚ್ಚಬೇಕಾಯಿತು. ಕಾಯಬೇಕಾದವರೇ ಲೂಟಿಗೂ ಕೊಲೆಗೂ ಕೈಹಾಕಿದ್ದು ತನಿಖೆಯಲ್ಲಿ ಹೊರಬಿದ್ದಿತ್ತು. ಅದರ ಜಾಗಕ್ಕೆ ಬಂದ ಫುನಾಯ್ ಇವತ್ತಿಗೂ ಇದೆ. ಮೂಲನಿವಾಸಿಯೊಬ್ಬರು, ಜೊಯೆನಿಯಾ ವಾಪಿಶಾನಾ, ಅದರ ಅಧ್ಯಕ್ಷರಾಗಿದ್ದು 2023ರಲ್ಲಿ.

ಹಾಗಾಗಿ ತಾರುವೆಯ ಇಲಾಖೆಯನ್ನು ಬಂದರು ಮತ್ತು ಮರಮಟ್ಟು ಮಂತ್ರಿಯ ಕೆಳಗೆ ಇಟ್ಟೆ. ಅಷ್ಟು ಮಾಡಿದ್ದೇ ತಡ, ದುಷ್ಟರ ಅಗತ್ಯವೇ ಬೀಳಲಿಲ್ಲ. ನಿರ್ದೇಶಕ ಒಳ್ಳೆಯವನೇ, ವರ್ಗಾವಣೆಗೆ ಕಾಯುತ್ತಿದ್ದಾನೆ. ಕಚೇರಿ ಬಂದರಿನಲ್ಲಿ, ಮಲೆಯಿಂದ ದೋಣಿಯಲ್ಲಿ ಒಂದು ದಿನದ ದಾರಿ. ಅರ್ಜಿ ತಗೊಳ್ಳುವುದು ಮಂಗಳವಾರ, ಮಲೆಯವರು ಸಂತೆಗೆ ಇಳಿಯುವುದು ಶುಕ್ರವಾರ. ಇಲಾಖೆಯ ಬೋರ್ಡಿನಲ್ಲಿ ಅವರ ಹೆಸರು 'ಒಳನಾಡಿಗರು'. ಅವರು ತಮ್ಮನ್ನು ಕರೆದುಕೊಳ್ಳುವುದು 'ಇರ್ಮೆ' ಎಂದು. ಆ ಪದ ಕಚೇರಿಯ ಯಾವ ಕಾಗದದಲ್ಲೂ ಇಲ್ಲ. (ಅಮೆರಿಕದ ಬ್ಯೂರೋ ಒಬ್ಬರಲ್ಲಿ ಮೂಲನಿವಾಸಿ ರಕ್ತ ಎಷ್ಟು ಪಾಲು ಎಂದು ನಮೂದಿಸಿದ ಪತ್ರವನ್ನು ಈಗಲೂ ಕೊಡುತ್ತದೆ: ಕಾಲು ಭಾಗ, ಅರೆಕಾಲು ಭಾಗ, ಹೀಗೆ. ಅದನ್ನು ಸೇರಿಸಲಿಲ್ಲ. ನಾನೇ ಕಟ್ಟಿದ ಕಥೆ ಅಂದುಕೊಳ್ಳುತ್ತಿದ್ದರು.)

ಅರ್ಜಿ ನಮೂನೆ ಬರೆಯಲು ಮಾತ್ರ ಬ್ರೆಜಿಲ್‌ವರೆಗೆ ಹೋಗಬೇಕಾಗಲಿಲ್ಲ. ಹಿಂದೆ ಚಾಮರಾಜನಗರದ ಕಡೆ ಕಾಡಿನಲ್ಲಿ ಬದುಕುವ ಸೋಲಿಗರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಅರಣ್ಯ ಹಕ್ಕಿನ ಅರ್ಜಿ ತುಂಬಿಕೊಡಲು ಓಡಾಡಿದ್ದೆ. ಕಾಡಿನವರಿಗೆ ಅವರ ನೆಲದ ಹಕ್ಕು ಕೊಡುವ 2006ರ ಕಾಯ್ದೆ ಅದು. ಅರ್ಜಿ ಹೋಗಬೇಕಾದ ದಾರಿ ಗ್ರಾಮಸಭೆ, ಆಮೇಲೆ ಉಪವಿಭಾಗದ ಸಮಿತಿ, ಆಮೇಲೆ ಜಿಲ್ಲಾ ಸಮಿತಿ. 2005ರ ಡಿಸೆಂಬರ್ 13ಕ್ಕೆ ಮೊದಲೇ ಜಮೀನು ಅನುಭವದಲ್ಲಿತ್ತೆಂದು ತೋರಿಸಬೇಕು. ಒಬ್ಬ ಅಜ್ಜನಿಗೆ ಹುಟ್ಟಿದ್ದು ಯಾವಾಗ ಎಂದು ಕೇಳಿದೆ. "ಬಿದಿರು ಹೂ ಬಿಟ್ಟು ಬಿದಿರಕ್ಕಿ ಉಂಡ ವರ್ಷ" ಅಂದರು. ಬಿದಿರು ಹೂ ಬಿಡುವುದು ಎಷ್ಟೋ ದಶಕಕ್ಕೊಮ್ಮೆ, ಲೆಕ್ಕ ಹಾಕಿದರೆ ವರ್ಷ ಸಿಗುತ್ತದೆ. ಆದರೆ ಕಚೇರಿಯವರು ಕೊಟ್ಟ ಹಾಳೆಯಲ್ಲಿ ಎಂಟು ಚೌಕಗಳಿದ್ದವು, ಎಂಟೂ ಅಂಕಿಗೆ. ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿ, ಹಳೆಯ ಬಾವಿ, ಸಮಾಧಿ, ದೇವರ ಜಾಗವೂ ಸಾಕ್ಷಿ ಎಂದು ನಿಯಮದಲ್ಲೇ ಇದೆ. ಮೇಜಿನ ಆಚೆ ಕೂತವರು ಆ ಪುಟ ತಿರುವಿರಲಿಲ್ಲ, ಅಷ್ಟೇ. ಅದೇ ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು.

ಆ ಎಂಟು ಚೌಕವನ್ನು ಹಾಗೇ ಎತ್ತಿ ತಾರುವೆಯ ನಮೂನೆಗೆ ಹಾಕಿದೆ. ಮರುವಾರ ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿ ಇರ್ಮೆ ಅಜ್ಜಿಯಾಗಿ ಕೌಂಟರಿಗೆ ಬಂದಳು. ಗುಮಾಸ್ತ ನಾನು.

"ಒಳನಾಡಿಗರು ಅನ್ನೋದಕ್ಕೆ ಪತ್ರ ಇದೆಯೇನಮ್ಮ?"

"ಅದನ್ನ ಕೊಡೋರು ಯಾರಪ್ಪ?"

"ನಾವೇ."

"ಹಂಗಾದ್ರೆ ಕೊಡು."

"ಮೊದ್ಲು ವಾಸಸ್ಥಳದ ದೃಢೀಕರಣ ತನ್ನಿ. ಮರಮಟ್ಟು ಕಚೇರೀಲಿ ಕೊಡ್ತಾರೆ."

"ಹೋಗಿದ್ದೆ. ನಿನ್ನ ಪತ್ರ ತಗೊಂಡು ಬಾ ಅಂದ್ರು."

ಈ ಸುತ್ತನ್ನು ನಾನು ಬೇಕೆಂದು ಹೆಣೆದಿರಲಿಲ್ಲ. ಎರಡು ಬೇರೆ ಬೇರೆ ದಿನ ಎರಡು ನಿಯಮ ಬರೆದಿದ್ದೆ, ಒಂದಕ್ಕೊಂದು ಕಚ್ಚಿಕೊಂಡಿದ್ದು ಅಲ್ಲೇ ಗೊತ್ತಾಗಿದ್ದು. ತಿದ್ದಬಹುದಿತ್ತು. ಆದರೆ ಮುಕ್ಕಾಲು ಗಂಟೆ ಯಾರೂ ದಾಳ ಮುಟ್ಟಲಿಲ್ಲ, ಚುರುಮುರಿ ಮೆತ್ತಗಾಯಿತು. ಅಜ್ಜಿ ಜಗ್ಗಲಿಲ್ಲ, ಗುಮಾಸ್ತನೂ ಜಗ್ಗಲಿಲ್ಲ. ಬಿಟ್ಟುಬಿಟ್ಟೆ. ಬದಲಿಗೆ ನಿಯಮ ಪುಸ್ತಕದ ಕೊನೆಯ ಪುಟಕ್ಕೆ ಒಂದು ಸಾಲು ಸೇರಿಸಿದೆ: ಮೂವರು ಹಿರಿಯರು ಸಭೆಯಲ್ಲಿ ಹೇಳಿದರೆ ಪತ್ರ ಬೇಕಿಲ್ಲ, ಸಭೆಯ ಠರಾವಿಗೆ ಇಲಾಖೆಯ ಮೊಹರು ಬಿದ್ದರೆ ಸಾಕು. ಗುಮಾಸ್ತನಿಗೆ ಅದು ಗೊತ್ತಿಲ್ಲ. ಆಟಗಾರರಿಗೂ ಹೇಳಲಿಲ್ಲ.

ಏಳನೇ ವಾರ ಅದನ್ನು ಪತ್ತೆ ಹಚ್ಚಿದರು. ಬೆಂಕಿ ಹಚ್ಚಿದ ಅದೇ ಗೆಳೆಯ ಈ ಸಲ ಪುಸ್ತಕ ಕೇಳಿ ತಗೊಂಡು, ಕೊನೆಯಿಂದ ಓದುತ್ತಾ ಬಂದ. ಹೋದ ಭಾನುವಾರ ಅವರು ಗುಮಾಸ್ತನನ್ನೇ ಮೊಹರಿನ ಸಮೇತ ದೋಣಿ ಹತ್ತಿಸಿಕೊಂಡು ಶುಕ್ರವಾರದ ಸಂತೆಗೆ ಕರೆತಂದರು. ಹೊಂಗೆ ಮರದ ಕೆಳಗೆ ಸಭೆ ಸೇರಿತು, ನಲವತ್ತೊಂದು ಮನೆಯವರ ಹೆಸರು ಬರೆಸಿದರು, ಜಾತಿಯ ಕಾಲಮ್ಮಿನಲ್ಲಿ 'ಇರ್ಮೆ' ಎಂದೇ. ಗುಮಾಸ್ತ ಮೊಹರು ಒತ್ತಿದ. ನಾನೇ ಒತ್ತಿದೆ, ಬೇರೆ ದಾರಿ ಇರಲಿಲ್ಲ.

ಬಂದರು ಮತ್ತು ಮರಮಟ್ಟು ಮಂತ್ರಿಗೆ ಇದು ಸೋಮವಾರ ಗೊತ್ತಾಗುತ್ತದೆ. ಆತನ ಸುತ್ತೋಲೆಯನ್ನು ಬರುವ ಭಾನುವಾರದೊಳಗೆ ನಾನು ಬರೆದಿಡಬೇಕು. ಮೊದಲ ಸಾಲು ಆಗಿದೆ: "ಸದರಿ ಸಭೆಯು ಕಚೇರಿ ವೇಳೆಯಲ್ಲಿ ನಡೆದಿರುವುದಿಲ್ಲವಾದ್ದರಿಂದ..."