ರಕ್ತಪರೀಕ್ಷೆ ಆಗುವ ತನಕ ಹೋಳಿಗೆ ತಪ್ಪಿಸಬೇಡಿ

ಶಿರಸಿ ಕಡೆ ನವರಾತ್ರಿ ಸಂತರ್ಪಣೆಯಲ್ಲಿ ಹೋಳಿಗೆ ಹಿಡಿದು ಪಂಕ್ತಿಗೆ ಇಳಿದರೆ ಈ ಮಾತು ಕೇಳುವುದುಂಟು: "ಮಾಣಿಗೆ ಗೋಧಿ ಆಗ್ತಿಲ್ಲೆ, ಹಾಕಡಿ" (ಹುಡುಗನಿಗೆ ಗೋಧಿ ಆಗುವುದಿಲ್ಲ, ಬಡಿಸಬೇಡಿ). ನಾನು ತಿರುಗಿ ಕೇಳುವುದು ಒಂದೇ, ಟೆಸ್ಟ್ ಆಯಿತೇ? ತಿಂದ ಕೂಡಲೇ ಮೈ ದದ್ದು, ತುಟಿ ಊತ, ಉಬ್ಬಸ ಬರುವ ಮಗುವಾದರೆ ಅದು ಅಲರ್ಜಿ, ಚೂರೂ ಬೇಡ. ಆದರೆ ತೂಕ ಏರದೆ, ರಕ್ತ ಕಡಿಮೆಯಾಗಿ, ಹೊಟ್ಟೆ ಉಬ್ಬರಿಸಿಕೊಂಡು ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಹಾಳಾಗುವ ಕಾಯಿಲೆ) ಅನುಮಾನದಲ್ಲಿರುವ ಮಗುವಿಗೆ, ಡಾಕ್ಟರ್ ಬಿಡಿ ಎನ್ನುವ ತನಕ ಗೋಧಿ ನಿಲ್ಲಿಸಬಾರದು. ಈ ಕಾಯಿಲೆಗೆ ಮಾಡುವ ಟಿಟಿಜಿ ಎಂಬ ರಕ್ತಪರೀಕ್ಷೆ ಹುಡುಕುವ ಪ್ರತಿಕಾಯಗಳು ಗ್ಲುಟೆನ್ ಬಿಟ್ಟರೆ ಇಳಿಯುತ್ತವೆ; ಕಾಯಿಲೆ ಇದ್ದರೂ ವರದಿ ನೆಗೆಟಿವ್ ಬರಬಹುದು.

ಮೂರು ಹೊತ್ತೂ ಅಕ್ಕಿ ತಿನ್ನುವ ನಮ್ಮಲ್ಲಿ ಇನ್ನೊಂದು ತೊಡಕು. ಹಬ್ಬದ ಒಂದು ಹೋಳಿಗೆ ಲೆಕ್ಕಕ್ಕೆ ಬಾರದು. ಪರೀಕ್ಷೆಗೆ ಮುಂಚಿನ 6 ವಾರ ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಚಪಾತಿಯೋ ಉಪ್ಪಿಟ್ಟೋ ಹೊಟ್ಟೆಗೆ ಹೋಗಿರಬೇಕು.

ಈ ಪರೀಕ್ಷೆಗೆ ಉಪವಾಸ ಬೇಡ. ತಿಂಡಿ ತಿನ್ನಿಸಿ, ಚೆನ್ನಾಗಿ ನೀರು ಕುಡಿಸಿಯೇ ಕರೆದೊಯ್ಯಿರಿ, ನರ ಬೇಗ ಸಿಗುತ್ತದೆ. ಟಿಟಿಜಿ ಜೊತೆ ಒಟ್ಟು ಐಜಿಎಯನ್ನೂ (ಟಿಟಿಜಿ ಪರೀಕ್ಷೆ ಹುಡುಕುವ ಬಗೆಯ ಪ್ರತಿಕಾಯದ ಒಟ್ಟು ಮಟ್ಟ) ಬರೆಸಿಕೊಳ್ಳಿ. ಐಜಿಎಯೇ ಕಡಿಮೆ ಇರುವ ಮಗುವಿನಲ್ಲಿ ಟಿಟಿಜಿ ನೆಗೆಟಿವ್ ಬಂದರೆ ಅದನ್ನು ನಂಬುವಂತಿಲ್ಲ. ಹಿಮೋಗ್ಲೋಬಿನ್, ಮೈಯ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಕೂಡ ಬೇಕಿದ್ದರೆ ಒಂದೇ ಚುಚ್ಚಿಗೆ ಮುಗಿಯಲಿ. ಮರಗಟ್ಟಿಸುವ ಮುಲಾಮು ಹಚ್ಚುವುದಾದರೆ ಸೂಜಿಗೆ ಒಂದು ಗಂಟೆ ಮೊದಲು, ಮೇಲೆ ಪ್ಲಾಸ್ಟಿಕ್ ಪಟ್ಟಿ. ಮಗುವನ್ನು ಮಲಗಿಸಿ ಅದುಮುವುದಕ್ಕಿಂತ ಎದೆಗೆದೆ ಒತ್ತಿ ತೊಡೆಯ ಮೇಲೆ ಕೂರಿಸಿ, ಒಂದು ಕೈಯನ್ನಷ್ಟೇ ಹೊರಗೆ ಚಾಚಿಸಿ. "ನೋವೇ ಆಗೋದಿಲ್ಲ" ಎನ್ನಬೇಡಿ. ಎರಡನೇ ಸಲ ಆ ಮಗು ನಿಮ್ಮನ್ನು ನಂಬುವುದಿಲ್ಲ.

ಬಾಯಿಯಿಂದ ನಳಿಕೆ ಇಳಿಸಿ ಕರುಳು ನೋಡುವ ಎಂಡೋಸ್ಕೋಪಿಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾದರೆ ಆ ದಿನದ ತನಕವೂ ಗೋಧಿ ನಡೆಯಲಿ. ಅಲ್ಲಿಗೆ ಮಾತ್ರ ಉಪವಾಸ ಬೇಕು: ಊಟ, ಹಾಲು ಸಾಮಾನ್ಯವಾಗಿ 6 ಗಂಟೆ ಮೊದಲೇ ಬಂದ್, ನೀರಿನ ಸಮಯ ಆಸ್ಪತ್ರೆ ಹೇಳಿದಂತೆ. ದಾರಿಯಲ್ಲಿ ಅಳು ನಿಲ್ಲಿಸಲು ಕೊಟ್ಟ ಒಂದು ಬಿಸ್ಕತ್ತಿಗೆ ಇಡೀ ದಿನದ ಪ್ರಯಾಣ ವ್ಯರ್ಥವಾದೀತು.

ಕಾಯಿಲೆ ಖಚಿತವಾದ ಮೇಲೆ ಸಂತರ್ಪಣೆಯ ಅಡುಗೆಮನೆಯಲ್ಲಿ ಕಾಯಬೇಕಾದದ್ದು ಹೋಳಿಗೆಯನ್ನಲ್ಲ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಯಬೇಕಾದದ್ದು ಹಿಂಗನ್ನು. ಅಪ್ಪಟ ಹಿಂಗು ಬಲು ಖಾರವಾದ್ದರಿಂದ ಅಂಗಡಿ ಹಿಂಗಿಗೆ ಗೋಂದು, ಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಹಿಂಬದಿ ಓದಿದರೆ ಹೆಚ್ಚಿನವುಗಳಲ್ಲಿ ಗೋಧಿಹಿಟ್ಟು ಅಥವಾ ಮೈದಾ. ಮಾವಿನಕಾಯಿಯ ಅಪ್ಪೆಹುಳಿಗೆ ಹಿಂಗಿನ ಒಗ್ಗರಣೆ ಚೊಂಯ್ ಎಂದು ಬಿದ್ದ ಮೇಲೆ ಆ ಪಾತ್ರೆ ಮಗುವಿಗಿಲ್ಲ. ಆದ್ದರಿಂದ ಅಪ್ಪೆಹುಳಿ, ಸಾರು, ತಂಬುಳಿ ಒಗ್ಗರಣೆಗೆ ಮೊದಲೇ ಒಂದೊಂದು ಲೋಟದಷ್ಟು ಬೇರೆ ತೆಗೆದಿಟ್ಟು, ಸಾಸಿವೆ, ಕರಿಬೇವು ಮಾತ್ರ ಸಿಡಿಸಿ ಡಬ್ಬಿಗೆ ತುಂಬುತ್ತೇನೆ. ಹಪ್ಪಳ ಕರಿಯುವುದು ಹೊಸ ಎಣ್ಣೆಯಲ್ಲಿ, ಕರಿಗಡುಬಿಗಿಂತ ಮೊದಲು. ಪಾಯಸ ಶಾವಿಗೆಯದ್ದಾದರೆ ಇಲ್ಲ. ಬದಲಿಗೆ ಅಕ್ಕಿಹಿಟ್ಟಿನ ತೊಡದೇವು ಕೊಟ್ಟರೆ ಪಕ್ಕದ ಮಕ್ಕಳೇ ಆಸೆಯಿಂದ ನೋಡುತ್ತವೆ.

ಅನ್ನವನ್ನೂ ಮೊದಲೇ, ಹೋಳಿಗೆ ಮುಟ್ಟದ ಕೈಯಿಂದ, ಬೇರೆ ಸೌಟಿನಲ್ಲಿ. ಮಗುವನ್ನು ಪಂಕ್ತಿಯ ತುದಿಗೆ, ತಾಯಿಯ ಪಕ್ಕ ಕೂರಿಸುತ್ತೇವೆ. ನಡುವೆ ಕೂತರೆ "ಒಂದು ಚೂರು ತಿಂದ್ರೆ ಎಂತ ಆಗ್ತು" ಎನ್ನುವ ಅಜ್ಜಿ ಎಡಕ್ಕೂ ಇರುತ್ತಾಳೆ, ಬಲಕ್ಕೂ ಇರುತ್ತಾಳೆ.