210ರ ಮೇಲೆ 252

ಸಂಭವನೀಯತೆ ಒಂದನ್ನು ಮೀರುವುದಿಲ್ಲ ಎಂಬುದು ಹೈಸ್ಕೂಲಿನಲ್ಲೇ ಕಲಿತ ಮಾತು. ಆದರೂ ಮೂರು ವರ್ಷದ ಹಿಂದೆ, ಒಂದು ಮಳೆಗಾಲದ ರಾತ್ರಿ, ನನ್ನ ನೋಟ್‌ಪುಸ್ತಕದಲ್ಲಿ 252/210 ಎಂಬ ಉತ್ತರ ಬಂದು ಕುಳಿತಿತ್ತು.

ಆಗ ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂಟೆಗಳ ಲೆಕ್ಕ ಬರೆಯುತ್ತಿದ್ದೆ. ಊಟವಾದ ಮೇಲೆ ಬ್ಯಾಂಕ್ ಪರೀಕ್ಷೆಗೆ ಓದು. ಕ್ರಮಯೋಜನೆ (ಸರದಿ ಹಿಡಿದು ಜೋಡಿಸುವ ಬಗೆ), ವಿಕಲ್ಪ (ಸರದಿ ಬಿಟ್ಟು ಆರಿಸುವ ಬಗೆ) ಎಂದರೆ ನನಗೆ ಎರಡು ಸೂತ್ರಗಳ ಹೆಸರು, ಅಷ್ಟೇ. ಪುಸ್ತಕದ ಕೆಂಪು ಚೆಂಡು, ನೀಲಿ ಚೆಂಡು ತಲೆಗೆ ಹತ್ತದೆ ಹೋದದ್ದರಿಂದ ಲೆಕ್ಕವನ್ನು ಮೂಟೆಗೆ ಬದಲಾಯಿಸಿಕೊಂಡೆ. ಗೋದಾಮಿನಲ್ಲಿ 10 ಮೂಟೆ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಸಹಿತ ಒಣಗಿಸಿದ ಕಾಫಿಬೀಜ, ಇದೆ, ಅದರಲ್ಲಿ 3ಕ್ಕೆ ತೇವ ತಗುಲಿದೆ. ಕಣ್ಣು ಮುಚ್ಚಿ 4 ಮೂಟೆ ಎತ್ತಿದರೆ ಕನಿಷ್ಠ ಒಂದಾದರೂ ತೇವದ್ದು ಸಿಗುವ ಸಂಭವನೀಯತೆ ಎಷ್ಟು?

ಛೇದದಲ್ಲಿ ತೊಡಕಿರಲಿಲ್ಲ: 10ರಲ್ಲಿ 4ನ್ನು ಆರಿಸಲು 210 ಬಗೆ. ಅಂಶಕ್ಕೆ ನಾನು ಹೂಡಿದ ತರ್ಕ ಹೀಗಿತ್ತು. ಮೊದಲು ತೇವದ ಒಂದನ್ನು ಖಾತ್ರಿ ಮಾಡಿಕೊಳ್ಳೋಣ, ಅದಕ್ಕೆ 3 ಬಗೆ. ಉಳಿದ 9ರಲ್ಲಿ ಯಾವ 3 ಬಂದರೂ ಸರಿ, ಅದಕ್ಕೆ 84 ಬಗೆ. ಗುಣಿಸಿದರೆ 252. ಎಷ್ಟು ಸಲ ಓದಿದರೂ ಆ ತರ್ಕದಲ್ಲಿ ತಪ್ಪು ಕಾಣಲಿಲ್ಲ. ತಪ್ಪು ಕಂಡದ್ದು ಉತ್ತರದಲ್ಲಿ ಮಾತ್ರ.

ಕೊನೆಗೆ ಮೂಟೆಗಳಿಗೆ ಹೆಸರಿಟ್ಟೆ. ತೇವದವು ಅ, ಆ, ಇ. ಒಣಗಿದವು 1ರಿಂದ 7. ಈಗ ಅ, ಆ, 1, 2 ಎಂಬ ಗುಂಪನ್ನು ನೋಡಿ. ‘ಅ’ವನ್ನು ಖಾತ್ರಿ ಮಾಡಿಕೊಂಡಾಗ ‘ಆ’ ಉಳಿದ ಮೂರರಲ್ಲಿ ಒಂದಾಗಿ ಬರುತ್ತದೆ. ‘ಆ’ವನ್ನು ಖಾತ್ರಿ ಮಾಡಿಕೊಂಡಾಗ ‘ಅ’ ಉಳಿದ ಮೂರರಲ್ಲಿ ಸೇರುತ್ತದೆ. ಮೂಟೆಗಳು ಅವೇ ನಾಲ್ಕು, ನಾನು ಎಣಿಸಿದ್ದು ಎರಡು ಸಲ. ಮೂರೂ ತೇವದವಿದ್ದ ಗುಂಪನ್ನು ಮೂರು ಸಲ ಎಣಿಸಿದ್ದೆ.

ಬಿಡಿಸಿ ಎಣಿಸಿದೆ. ಒಂದೇ ತೇವದ್ದಿರುವ ಗುಂಪುಗಳು 3×35, ಅಂದರೆ 105. ಎರಡಿರುವವು 3×21, ಅಂದರೆ 63. ಮೂರೂ ಇರುವವು 7. ಒಟ್ಟು 175. ನನ್ನ 252 ಬಂದದ್ದೂ ಇಲ್ಲಿಂದಲೇ: 105, 63ರ ಎರಡರಷ್ಟು, 7ರ ಮೂರರಷ್ಟು. ಕೂಡಿ ನೋಡಿದಾಗ ಸರಿಯಾಗಿ 252 ಬಂದಿತು. ಸರಿಯುತ್ತರಕ್ಕಿಂತ ನನಗೆ ಹೆಚ್ಚು ಖುಷಿ ಕೊಟ್ಟದ್ದು ತಪ್ಪಿನ ಲೆಕ್ಕ ಹೀಗೆ ಚುಕ್ತಾ ಆದದ್ದು.

175/210 ಎಂದರೆ 5/6. ಇದಕ್ಕೆ ಅಡ್ಡದಾರಿಯೂ ಇದೆ: ಒಂದೂ ತೇವದ್ದು ಬಾರದಿರಲು 7ರಲ್ಲಿ 4, ಅಂದರೆ 35 ಬಗೆ, 35/210 ಎಂದರೆ 1/6, ಅದನ್ನು ಒಂದರಿಂದ ಕಳೆದರಾಯಿತು. ‘ಕನಿಷ್ಠ ಒಂದು’ ಎಂಬ ಮಾತು ಕಂಡ ಕೂಡಲೇ ಈಗ ನಾನು ‘ಒಂದೂ ಇಲ್ಲ’ ಎಂಬುದನ್ನೇ ಎಣಿಸುತ್ತೇನೆ. ಎತ್ತಿದ ಸರದಿಯನ್ನೂ ಲೆಕ್ಕಕ್ಕೆ ಹಿಡಿದರೆ 840/5040 ಬರುತ್ತದೆ, ಅದೂ 1/6ವೇ. ಆದರೆ ಮೇಲೆ ಸರದಿ ಹಿಡಿದು ಕೆಳಗೆ ಬಿಟ್ಟರೆ ಕೆಟ್ಟಿತು.

210ನ್ನು ಕಂಡುಹಿಡಿಯಲು 10ರ ಫ್ಯಾಕ್ಟೋರಿಯಲ್ (1ರಿಂದ 10ರವರೆಗಿನ ಗುಣಲಬ್ಧ) ಬರೆದು ಹೊಡೆದುಹಾಕುವುದು ದಂಡ. ರಾಷ್ಟ್ರಕೂಟ ಅಮೋಘವರ್ಷನ ಕಾಲದ, 9ನೆಯ ಶತಮಾನದ ಗಣಿತಜ್ಞ ಮಹಾವೀರಾಚಾರ್ಯ ಇದಕ್ಕೆ ಸಾಮಾನ್ಯ ನಿಯಮವನ್ನೇ ಕೊಟ್ಟಿದ್ದಾನೆ: ಸಂಖ್ಯೆಗಳನ್ನು ಒಂದು ಸಾಲಿನಲ್ಲಿ ಏರಿಕೆಯಲ್ಲಿ, ಇನ್ನೊಂದರಲ್ಲಿ ಇಳಿಕೆಯಲ್ಲಿ ಬರೆದು, ಬೇಕಾದಷ್ಟು ಮನೆಗಳ ಗುಣಲಬ್ಧಗಳನ್ನು ಭಾಗಿಸುವುದು. ನಾನು ಅದನ್ನು ನಡೆಯುತ್ತಲೇ ಮಾಡುತ್ತೇನೆ. 10, ಅದನ್ನು 9ರಿಂದ ಗುಣಿಸಿ 2ರಿಂದ ಭಾಗಿಸಿದರೆ 45, 8ರಿಂದ ಗುಣಿಸಿ 3ರಿಂದ ಭಾಗಿಸಿದರೆ 120, 7ರಿಂದ ಗುಣಿಸಿ 4ರಿಂದ ಭಾಗಿಸಿದರೆ 210. ದಾರಿಯಲ್ಲಿ ಎಲ್ಲೂ ಭಿನ್ನರಾಶಿ ಬರುವುದಿಲ್ಲ, ಏಕೆಂದರೆ ಪ್ರತಿ ನಿಲ್ದಾಣವೂ 10ರಲ್ಲಿ 1, 2, 3, 4 ಮೂಟೆ ಆರಿಸುವ ಬಗೆಗಳ ಎಣಿಕೆಯೇ.

ಆ ವರ್ಷ ಪರೀಕ್ಷೆ ಪಾಸಾಗಲಿಲ್ಲ. ಅದಕ್ಕೆ ಗಣಿತ ಕಾರಣವಲ್ಲ, ಇಂಗ್ಲಿಷ್ ಕಾರಣ.

ಎಣಿಸುವ ಚಟ ಮಾತ್ರ ಹೋಗಲಿಲ್ಲ. ಮನೆಯಲ್ಲಿ ಅಜ್ಜಿ ಚೌಕಾಬಾರದ ಮಣೆ ಹಾಸಿದರೆ ನಾಲ್ಕು ಕವಡೆಗೆ ಒಂದು, ಎರಡು, ಮೂರು, ಚೌಕ (ನಾಲ್ಕೂ ಅಂಗಾತ), ಬಾರ (ನಾಲ್ಕೂ ಬೋರಲು) ಎಂದು ಐದು ಫಲ. ಹಾಗಾಗಿ ಚೌಕಕ್ಕೆ 1/5 ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಕವಡೆಗಳಿಗೂ ಹೆಸರಿಟ್ಟರೆ ಅವು ಬೀಳುವ ಬಗೆ 16. ಅದರಲ್ಲಿ ಎರಡು ಅಂಗಾತ ಬೀಳುವುದಕ್ಕೆ 6, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೆ ಒಂದು, ಬಾರಕ್ಕೆ ಒಂದು. ಚೌಕ ಬೀಳುವುದು 1/16.

ಹಾಗೆಂದು ಅಜ್ಜಿಯ ಎದುರು ಪಂದ್ಯ ಕಟ್ಟಿ ಸೋತೆ. ಕವಡೆ ನಾಣ್ಯವಲ್ಲ. ಅದರ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. 16 ಬಗೆಗಳೂ ಸಮತೂಕದವು ಎಂದರೆ ಮಾತ್ರ ನನ್ನ ಎಣಿಕೆ ನಡೆಯುತ್ತದೆ. ಹುಣಸೆಬೀಜ ತೇಯ್ದು ಆಡಿದರೂ ಅದೇ ಪಾಡು. ಹಾಗಾಗಿ ಈಗ ಕವಡೆಗಳನ್ನು ಒಂದೊಂದಾಗಿ ಎಸೆದು, ಅಂಗಾತ ಬಿದ್ದದ್ದಕ್ಕೆ ಗೀಟು ಹಾಕುತ್ತಿದ್ದೇನೆ. ಪುಟ ತುಂಬುತ್ತಿದೆ. ಅಜ್ಜಿಗೆ ಬೇಸರ: “ಎಸೆಯುತ್ತಲೇ ಇದ್ದೀಯಲ್ಲ, ಕಾಯಿ ನಡೆಸುವುದು ಯಾವಾಗ?”