ರೂಟರ್ ದಾಟಿದ ಮೇಲೆ ನಿಮ್ಮ ಸೋರ್ಸ್ ಪೋರ್ಟ್ ಯಾವುದು? ಪತ್ತೆ ಮಾಡುವುದು, ಹಿಡಿತದಲ್ಲಿಡುವುದು ಹೀಗೆ

ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲಿ ಕೂತು ಶಿವಮೊಗ್ಗದ ಆಫೀಸಿನ ಸರ್ವರ್‌ಗೆ ಕನೆಕ್ಟ್ ಆಗಿ ಕೆಲಸ ಮಾಡುವವರಿಗೆ ಈ ಗೊಂದಲ ಗೊತ್ತಿರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸೋರ್ಸ್ ಪೋರ್ಟ್ (ಕನೆಕ್ಷನ್ ಹೊರಡುವ ಬಾಗಿಲಿನ ಸಂಖ್ಯೆ) 51514 ಎಂದಿದೆ, ಸರ್ವರ್ ಲಾಗ್‌ನಲ್ಲಿ 23871 ಎಂದಿದೆ. ಎರಡೂ ಸರಿಯೇ. ನಡುವೆ ನ್ಯಾಟ್, ಅಂದರೆ ಐಪಿ ಮತ್ತು ಪೋರ್ಟ್ ಬದಲಿಸುವ ವ್ಯವಸ್ಥೆ, ಕೂತಿದೆ, ಅಷ್ಟೆ. ಮನೆಯ ಎಲ್ಲ ಸಾಧನಗಳೂ ಒಂದೇ ಐಪಿಯಲ್ಲಿ ಹೊರಗೆ ಹೋಗುವಾಗ ಯಾವ ಉತ್ತರ ಯಾರಿಗೆ ಎಂದು ರೂಟರ್‌ಗೆ ತಿಳಿಯಬೇಕಲ್ವಾ? ಅದಕ್ಕೇ ಅದು ಬೇಕಾದಾಗ ಪೋರ್ಟ್ ಬದಲಿಸಿ, ಒಳಗಿನ-ಹೊರಗಿನ ಪೋರ್ಟ್ ಜೋಡಿಯನ್ನು ಬರೆದಿಟ್ಟುಕೊಳ್ಳುತ್ತದೆ.

ಮೊದಲು ನಿಮ್ಮ ಯಂತ್ರದಲ್ಲಿ ನೋಡಿ. ವಿಂಡೋಸ್‌ನಲ್ಲಿ ನೆಟ್‌ಸ್ಟ್ಯಾಟ್, ಲಿನಕ್ಸ್‌ನಲ್ಲಿ ಎಸ್‌ಎಸ್ ಕಮಾಂಡ್ ಸಾಕು. ಸಾಮಾನ್ಯವಾಗಿ ವಿಂಡೋಸ್ 49152ರಿಂದ 65535ರ ಒಳಗೆ, ಲಿನಕ್ಸ್ 32768ರಿಂದ 60999ರ ಒಳಗೆ ಪೋರ್ಟ್ ಆರಿಸುತ್ತದೆ.

ಆಮೇಲೆ ರೂಟರ್. ಅದು ಲಿನಕ್ಸ್ ಆಧಾರಿತವಾಗಿದ್ದು, ಒಳಗೆ ಲಾಗಿನ್ ಆಗಲು ಬಿಡುವುದಾದರೆ ಕಾನ್‌ಟ್ರ್ಯಾಕ್ ಪಟ್ಟಿ (ರೂಟರ್ ಬರೆದಿಟ್ಟುಕೊಂಡ ಕನೆಕ್ಷನ್‌ಗಳ ಪಟ್ಟಿ) ತೆಗೆಯಿರಿ. ಈ ಕೆಲಸದಲ್ಲಿ ಅತಿ ಉಪಯೋಗದ ಜಾಗ ಇದೇ. ಪ್ರತಿ ಸಾಲಿನಲ್ಲೂ ಎರಡು ಜೋಡಿ ವಿಳಾಸ ಇರುತ್ತವೆ. ಮೊದಲನೆಯದು ಲ್ಯಾಪ್‌ಟಾಪ್ ಕಳಿಸಿದ್ದು. ಎರಡನೆಯದು ಉತ್ತರ ಬರುವ ದಾರಿ. ಆ ಎರಡನೆಯದರ ಡೆಸ್ಟಿನೇಷನ್ ಪೋರ್ಟ್ ಇದೆಯಲ್ಲ, ಅದೇ ರೂಟರ್ ಹೊರಗೆ ತೋರಿಸಿದ ಸೋರ್ಸ್ ಪೋರ್ಟ್. ಲಿನಕ್ಸ್ ನ್ಯಾಟ್ ಸಾಧ್ಯವಾದಷ್ಟೂ ಮೂಲ ಪೋರ್ಟನ್ನೇ ಉಳಿಸುತ್ತದೆ, ಬೇರೆ ಕನೆಕ್ಷನ್ ಜೊತೆ ಡಿಕ್ಕಿಯಾದರೆ ಮಾತ್ರ ಬದಲಿಸುತ್ತದೆ.

ಪಟ್ಟಿಯ ಪೋರ್ಟಿಗೂ ಸರ್ವರ್‌ನಲ್ಲಿ ಟಿಸಿಪಿಡಂಪ್ (ಬಂದುಹೋಗುವ ಪ್ಯಾಕೆಟ್ ನೋಡುವ ಕಮಾಂಡ್) ತೋರಿಸುವುದಕ್ಕೂ ತಾಳೆಯಾಗುತ್ತಿಲ್ಲವೇ? ರೂಟರ್‌ನ ಹೊರಗಿನ ಐಪಿ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ಇಂಟರ್ನೆಟ್ ಕಂಪನಿಯವರ ಕಡೆ ಇನ್ನೊಂದು ನ್ಯಾಟ್ ಇದೆ ಎಂದರ್ಥ. ಆಗ ಒಂದೇ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ. ಹಾಗಾಗಿ ಸರ್ವರ್ ಲಾಗ್‌ನಲ್ಲಿ ಐಪಿ ಮಾತ್ರ ಬರೆದರೆ ಪ್ರಯೋಜನ ಇಲ್ಲ. ಸೋರ್ಸ್ ಪೋರ್ಟ್ ಮತ್ತು ನಿಖರ ಸಮಯವೂ ಬೇಕು. 2011ರ ಆರ್‌ಎಫ್‌ಸಿ 6302 (ಇಂಟರ್ನೆಟ್ ಶಿಫಾರಸಿನ ದಾಖಲೆ) ಹೇಳುವುದೂ ಇದನ್ನೇ.

ಇನ್ನು ಹಿಡಿತದ ವಿಷಯ. ಪೋರ್ಟ್ ಆರಿಸುವ ಸೌಲಭ್ಯ ಕೆಲವು ಪ್ರೋಗ್ರಾಂಗಳಲ್ಲೇ ಇದೆ. ವೆಬ್ ವಿಳಾಸದಿಂದ ಡೇಟಾ ತರುವ ಕರ್ಲ್ ಕಮಾಂಡ್‌ಗೆ ಲೋಕಲ್-ಪೋರ್ಟ್ ಆಯ್ಕೆ ಕೊಡಿ. ಒಂದೇ ಪೋರ್ಟ್ ಕಟ್ಟಿಹಾಕಬೇಡಿ, ಸಣ್ಣ ವ್ಯಾಪ್ತಿ ಕೊಡಿ. ಯಾಕೆಂದರೆ ನಿಮ್ಮ ಕಡೆಯಿಂದ ಮುಚ್ಚಿದ ಟಿಸಿಪಿ ಕನೆಕ್ಷನ್ ಲಿನಕ್ಸ್‌ನಲ್ಲಿ 60 ಸೆಕೆಂಡ್ ಟೈಮ್-ವೇಟ್ ಎಂಬ ಕಾಯುವ ಸ್ಥಿತಿಯಲ್ಲಿ ಉಳಿಯುತ್ತದೆ, ಅಷ್ಟು ಹೊತ್ತು ಅದೇ ಸರ್ವರ್‌ಗೆ ಅದೇ ಪೋರ್ಟಿನಿಂದ ಮತ್ತೆ ಹೋಗುವುದು ಕಷ್ಟ.

ರೂಟರ್‌ನಲ್ಲಾದರೆ ಐಪಿಟೇಬಲ್ಸ್ ಎಂಬ ಲಿನಕ್ಸ್ ಫೈರ್‌ವಾಲ್ ಕಮಾಂಡ್‌ನ ಮಾಸ್ಕರೇಡ್ (ನ್ಯಾಟ್ ಮಾಡುವ) ನಿಯಮಕ್ಕೆ ಪೋರ್ಟ್ ವ್ಯಾಪ್ತಿ ಕೊಡಬಹುದು. ಟಿಸಿಪಿಗೆ, ಯುಡಿಪಿಗೆ (ಡೇಟಾ ಸಾಗಿಸುವ ಎರಡು ವಿಧಾನಗಳು) ಬೇರೆ ಬೇರೆ ನಿಯಮ ಬರೆಯಬೇಕು. ನಿಯಮ ಹಾಕಿದ ತಕ್ಷಣ ಬದಲಾವಣೆ ಕಾಣದಿದ್ದರೆ ಗಾಬರಿ ಬೇಡ. ನ್ಯಾಟ್ ನಿಯಮ ನೋಡುವುದು ಕನೆಕ್ಷನ್ನಿನ ಮೊದಲ ಪ್ಯಾಕೆಟ್‌ಗೆ ಮಾತ್ರ. ಹಳೇ ಕನೆಕ್ಷನ್ ಕಡಿದು ಹೊಸದು ಶುರು ಮಾಡಿ.

ಇಂಟರ್ನೆಟ್ ಕಂಪನಿಯ ನ್ಯಾಟ್ ಮೇಲೆ ಮಾತ್ರ ನಮ್ಮ ಕೈ ನಡೆಯದು. ಆದ್ದರಿಂದ ಆಫೀಸ್ ಫೈರ್‌ವಾಲ್‌ನಲ್ಲಿ ಇಂಥದ್ದೇ ಸೋರ್ಸ್ ಪೋರ್ಟ್ ಇರಬೇಕೆಂಬ ನಿಯಮ ಇಡಲೇಬೇಡಿ. ಕನಿಷ್ಠ ಪೋರ್ಟ್ ನಡುವೆ ಬದಲಾಗದಿರಲಿ ಎಂದರೆ ಯುಡಿಪಿ ಬಳಸುವ ವೈರ್‌ಗಾರ್ಡ್ ವಿಪಿಎನ್ ಹಾಕಿಕೊಂಡು, ಕೀಪ್‌ಅಲೈವ್ (ಆಗಾಗ ಕಳಿಸುವ ಸಣ್ಣ ಪ್ಯಾಕೆಟ್) 25 ಸೆಕೆಂಡ್ ಇಡಿ. ಸುಮ್ನೆ ಕೂತ ಯುಡಿಪಿ ಜೋಡಿಗಳನ್ನು ನ್ಯಾಟ್ ಬೇಗ ಮರೆಯುತ್ತದೆ. ಈ ಸಣ್ಣ ಪ್ಯಾಕೆಟ್ ಹೋಗುತ್ತಿದ್ದರೆ ಸಾಮಾನ್ಯವಾಗಿ ಅದೇ ಪೋರ್ಟ್ ಉಳಿಯುತ್ತದೆ.